ಬಿಸಿನೀರಿನ ಕ್ಯೂಬುಗಳು

ನವೆಂಬರ್ 18, ಸೋಮವಾರ

ಬೆಳಗ್ಗೆಯಿಂದ ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬು ಒಡೆದೆ, ಎಷ್ಟು ಭಾರ ತಡೆಯುತ್ತವೆ ಎಂದು ನೋಡಲು. ಎರಡನೇ ಸರಣಿ. ಒಂದೂ ಭಾರ ತಡೆಯುತ್ತಿಲ್ಲ. ಅದೇ ಜಲ್ಲಿ, ಅದೇ ಮರಳು, ಸಿಮೆಂಟಿನ ಬದಲಿಗೆ ಅರ್ಧಕ್ಕರ್ಧ ಅದೇ ಸ್ಲ್ಯಾಗ್ ಪುಡಿ, ಉಕ್ಕಿನ ಕಾರ್ಖಾನೆಯವರು ಎಸೆಯುವಂಥದ್ದು. ಮೊದಲನೇ ಸರಣಿ ವಾರದೊಳಗೆ ಕಲ್ಲಾಗಿತ್ತು. ಇದು ಬಿಸ್ಕತ್ತು.

ವ್ಯತ್ಯಾಸ ಒಂದೇ. ಆಗ ಹಳೆಯ ತೊಟ್ಟಿಯಲ್ಲಿ ನೆನೆಹಾಕಿದ್ದೆ, ಈಗ ಹೊಸದರಲ್ಲಿ. ಹೋಗಿ ಹಳೆಯ ತೊಟ್ಟಿಗೆ ಕೈ ಹಾಕಿದೆ.

ಅಯ್ಯೋ! ಸ್ನಾನದ ನೀರು!

ಚಳಿಗೆಂದು ಹಾಕಿದ ಹೀಟರ್ ಆರುವುದನ್ನೇ ಮರೆತಿದೆ. ಎಷ್ಟು ತಿಂಗಳಿಂದಲೋ. ನಾವು ದಿನಾ ಗೋಡೆಯ ಥರ್ಮಾಮೀಟರ್ ನೋಡಿ ಬರೆದುಕೊಂಡೆವು. ಅದು ಕೋಣೆಯ ಗಾಳಿಯ ಲೆಕ್ಕ. ನೀರಿಗೆ ಬೆರಳು ಅದ್ದಿದವರು ಒಬ್ಬರೂ ಇಲ್ಲ, ನಾನೂ ಸೇರಿ. ಸ್ಲ್ಯಾಗ್ ಬೆಚ್ಚಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಚಳಿಯಲ್ಲಿ ಮಹಾ ಸೋಮಾರಿ. ಮೊದಲನೇ ಸರಣಿ ಗಟ್ಟಿಯಾದದ್ದು ನನ್ನ ಜಾಣತನದಿಂದಲ್ಲ, ಬಿಸಿನೀರಿನಿಂದ.

ಹೇಳೋಣವೆಂದು ಮೈಕಿನ ಕೋಣೆಗೆ ಓಡಿದೆ. ಮೈಕು ಎಂದರೆ ನನ್ನ ಸಂಶೋಧನೆಯ ಗೈಡು. ಪಕ್ಕದಲ್ಲಿ ಕೂತವರ ಹತ್ತಿರವೂ ಸಭೆಗೆ ಹೇಳುವ ಹಾಗೆ ಮಾತಾಡುತ್ತಾರೆ, ಆಮೇಲೆ ತಮ್ಮ ಮಾತಿಗೆ ತಾವೇ ತಲೆದೂಗುತ್ತಾರೆ. ಅಲ್ಲಿ ಚಹಾ, ನಗು, ಕೈಕುಲುಕಾಟ. ಪ್ರಬಂಧ ಅಚ್ಚಾಗಿ ಬಂದಿದೆ. ನನ್ನ ಮೊದಲನೇ ಸರಣಿ. ಮೇಲೆ ಎರಡು ಹೆಸರು — ಅವರದ್ದು, ಅವರ ಅಳಿಯನದ್ದು. ಅಳಿಯ ನಮ್ಮ ವಿಭಾಗಕ್ಕೆ ಸೇರಿದ್ದೇ ಮೊನ್ನೆ ಮೊನ್ನೆ. ಕ್ಯೂಬು ಎತ್ತಿದರೆ ಸೊಂಟ ಹಿಡಿಯುತ್ತದಂತೆ. ಕೊನೆಯ ಸಾಲಲ್ಲಿ 'ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆ'. ಆ ಸಿಬ್ಬಂದಿ ನಾನು.

"ಏನಮ್ಮಾ, ಏನೋ ಹೇಳೋಕೆ ಬಂದ ಹಾಗಿತ್ತು?"

"ಏನಿಲ್ಲ ಸಾರ್. ಚಹಾ ವಾಸನೆ ಬಂತು, ಬಂದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಸಿನೀರಿನ ಮಾತು ನುಂಗಿಕೊಂಡು ಹೊರಬಂದೆ.

ನವೆಂಬರ್ 21

ಊಟಕ್ಕೆ ಕೂತಾಗ ಭಾವ ಸುದ್ದಿ ತಂದರು. ಅಕ್ಕನ ಗಂಡ, ಮಾರುಕಟ್ಟೆಯ ಹತ್ತಿರ ಏಳುತ್ತಿರುವ ಪಾದಚಾರಿ ಸೇತುವೆಗೆ ಇವರೇ ಸೈಟ್ ಎಂಜಿನಿಯರ್.

"ಏನು ನಾದಿನಿಯವರೇ, ನಿಮ್ಮ ಮೈಕು ನಮ್ಮ ಸೇತುವೆಗೂ ಬಂತು! ಅವರ ಹೊಸ ಕಾಂಕ್ರೀಟೇ ಹಾಕ್ಬೇಕಂತೆ. ವಾರಕ್ಕೇ ಕೆಳಗಿನ ಆಸರೆ, ಸೆಂಟ್ರಿಂಗ್ ಎಲ್ಲ ಬಿಚ್ಚಬಹುದಂತೆ."

"ಅವರದ್ದಲ್ಲ, ಇವಳದ್ದು," ಎಂದಳು ಅಕ್ಕ. "ಇವಳು ಬೇಯಿಸಿಟ್ಟಿದ್ದನ್ನ ಅವರು ಬಡಿಸ್ತಿದ್ದಾರೆ, ಅಷ್ಟೇ."

ಬಡಿಸಲಿ. ಕೈ ಸುಡುವ ತನಕ ಬಡಿಸಲಿ.

ನವೆಂಬರ್ 30

ಯೋಚನೆ ಗಟ್ಟಿಯಾಯಿತು. ಸುಮ್ಮನಿರುತ್ತೇನೆ. ಸೇತುವೆಗೆ ಕಾಂಕ್ರೀಟ್ ಹಾಕುವ ದಿನ ಪರೀಕ್ಷೆಗೆಂದು ಅದರಿಂದಲೇ ಅಲ್ಲಿ ಕ್ಯೂಬು ತುಂಬಿಸಿಡುತ್ತಾರೆ, ಅವು ಚಳಿಯಲ್ಲೇ ಇರುತ್ತವೆ. ವಾರದ ಮೇಲೆ ಒಡೆದರೆ ಪುಡಿಪುಡಿ. ಸೆಂಟ್ರಿಂಗ್ ಹಾಗೇ ನಿಲ್ಲುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಊರೆದುರು ಮೈಕಿನ ಮುಖ ಮಾತ್ರ ಬೀಳುತ್ತದೆ. 'ಯಾಕೆ ಹೀಗಾಯ್ತು ಸಾರ್?' ಎಂದು ಕೇಳುತ್ತಾರೆ. ಪಾಪ, ಉತ್ತರ ಗೊತ್ತಿರುವುದಿಲ್ಲ. ಕದ್ದ ಮಾಲಿನ ಹುಳುಕು ಕದ್ದವನಿಗೆ ಹೇಗೆ ಗೊತ್ತಾಗಬೇಕು?

ಇವತ್ತು ನನಗೆ ಒಳ್ಳೆಯ ಹಸಿವು.

ಡಿಸೆಂಬರ್ 9, ಸೋಮವಾರ

ಸೇತುವೆಗೆ ಕಾಂಕ್ರೀಟ್ ಬಿತ್ತು. ಬೀದಿಯಲ್ಲಿ ಜನರ ಬಾಯಿಂದ ಹೊಗೆ ಬರುವಷ್ಟು ಚಳಿ. ಮೈಕು ಹಳದಿ ಹೆಲ್ಮೆಟ್ ಹಾಕಿ ಫೋಟೋ ತೆಗೆಸಿಕೊಂಡರು. ಅಳಿಯ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದ. ಹಾಗೇ ಇರಲಿ ಎಂದು ಬಿಟ್ಟೆ.

ಡಿಸೆಂಬರ್ 12, ಗುರುವಾರ

ಎಲ್ಲ ಕೆಟ್ಟಿತು.

ಮಧ್ಯಾಹ್ನ ಲ್ಯಾಬಿನ ಬಾಗಿಲಿಗೆ ಟೆಂಪೋ. ಸೇತುವೆಯ ಕ್ಯೂಬುಗಳು. "ಸೈಟಲ್ಲಿ ಧೂಳು. ನಮ್ಮ ತೊಟ್ಟಿಯಲ್ಲೇ ಶಾಸ್ತ್ರೋಕ್ತವಾಗಿ ಇಡೋಣ," ಎಂದರು ಮೈಕು. ಅಳಿಯ ಪಕ್ಕದಲ್ಲಿ ನಿಂತು ಇಳಿಸಲು ಹೇಳಿದ. ಎಲ್ಲಿಗೆ? ಹಳೆಯ ತೊಟ್ಟಿಗೆ.

ಕ್ಯೂಬು ಬಿಸಿನೀರಲ್ಲಿ, ಸೇತುವೆ ಚಳಿಯಲ್ಲಿ. ಸೋಮವಾರ ಕ್ಯೂಬು ಪಾಸಾಗುತ್ತವೆ. ಕ್ಯೂಬು ಪಾಸಾದರೆ ಜಾಕಿ ತೆಗೆಯುತ್ತಾರೆ. ಜಾಕಿ ಎಂದರೆ ಸೇತುವೆಯ ಹೊಟ್ಟೆಗೆ ಕೊಟ್ಟಿರುವ ಆಸರೆ ಕಂಬಗಳು. ಅವು ಹೋದರೆ ಹಸಿ ಕಾಂಕ್ರೀಟು ತನ್ನ ಭಾರ ತಾನೇ ಹೊರಬೇಕು.

ಜಾಕಿ ಇಳಿಸುವಾಗ ಕೆಳಗೆ ನಿಲ್ಲುವವರು ಭಾವ ಮತ್ತು ಅವರ ಆಳುಗಳು.



ಡಿಸೆಂಬರ್ 15, ಭಾನುವಾರ, ಸಂಜೆ

ಮೂರು ದಿನ ಯೋಚಿಸಿದೆ. ಹೀಟರ್ ಆರಿಸೋಣವೆಂದರೆ ತೊಟ್ಟಿಯ ಕೋಣೆಗೆ ಈಗ ಬೀಗ, ಕೀಲಿ ಅಳಿಯನ ಹತ್ತಿರ. ಭಾವನ ಕಿವಿಗೆ ಒಂದು ಮಾತು ಹಾಕಿದರೆ ಸಾಕು, ಜಾಕಿ ನಿಲ್ಲುತ್ತದೆ. ಆದರೆ ಆಗ ಮೈಕು ಏನನ್ನುತ್ತಾರೆ? ಸೈಟಿನವರು ಸರಿಯಾಗಿ ನೀರು ಹಾಕಲಿಲ್ಲ, ನನ್ನ ಮಿಶ್ರಣಕ್ಕೇನೂ ದೋಷವಿಲ್ಲ. ಕೈ ತೊಳೆದುಕೊಂಡು ಹೋಗುತ್ತಾರೆ, ಮುಂದಿನ ಸೇತುವೆಗೆ. ಕೂಡದು. 'ನಿಲ್ಲಿಸಿ' ಎಂಬುದು ಆ ಬಾಯಿಂದಲೇ ಬರಬೇಕು. ಬರದಿದ್ದರೆ ನಾನೇ ಕೂಗುತ್ತೇನೆ, ಅದು ನಿಶ್ಚಯ. ಆದರೆ ಮೊದಲ ಅವಕಾಶ ಅವರಿಗೆ.

"ಭಾವ, ನಾಳೆ ಸಾರ್ ಅವರನ್ನೂ ಕರೀರಿ. ಕೆಳಗೆ ನಿಂತು ಮೊದಲ ಜಾಕಿ ಅವರೇ ಇಳಿಸಲಿ. ಫೋಟೋ ಅಂದ್ರೆ ಓಡಿ ಬರ್ತಾರೆ."

"ಅದೇನು ಗುರುಭಕ್ತಿ ಉಕ್ಕಿ ಹರೀತಿದೆ ಇವತ್ತು?"

"ಇನ್ನೊಂದು ಮಾತು. ನಾನು ಬರೋ ತನಕ ಒಂದು ಜಾಕಿಗೂ ಕೈ ಹಾಕಿಸಬಾರದು. ಮಾತು ಕೊಡಿ."

ಭಾವ ನನ್ನ ಮುಖವನ್ನೇ ನೋಡಿದರು. ನಗಲಿಲ್ಲ. "ಕೊಟ್ಟೆ," ಎಂದರು.

ಡಿಸೆಂಬರ್ 16

ಬರೆಯಲು ಕೂತರೆ ನಗು ಬರುತ್ತಿದೆ.

ಕ್ಯೂಬು ಪಾಸಾದವು. ಗೊತ್ತಿದ್ದದ್ದೇ. ನಾನು ರೀಬೌಂಡ್ ಹ್ಯಾಮರ್ ತೆಗೆದುಕೊಂಡು ಮೊದಲೇ ಸೈಟಿಗೆ ಹೋದೆ. ಕಾಂಕ್ರೀಟಿಗೆ ಒತ್ತಿದರೆ ಪುಟಿದು ಅಂಕಿ ತೋರಿಸುವ ಸುತ್ತಿಗೆ ಅದು. ಸೇತುವೆಯ ಬದಿಗೆ ಒತ್ತಿದೆ. ಪುಟಿಯುವುದೇ ಇಲ್ಲ. ಕ್ಯೂಬಿನ ಅರ್ಧವೂ ಇಲ್ಲ.

ಮೈಕು ಬಂದರು. ಅಳಿಯ ಬಂದ. ಮೂಲಸೌಕರ್ಯ ವಿಭಾಗದ ಮೇಲಧಿಕಾರಿ ಬಂದರು, ಎಲ್ಲರೂ ಮೇಡಂ ಎನ್ನುತ್ತಿದ್ದರು. ಸೇತುವೆಯ ಮೇಲೂ ಮೆಟ್ಟಿಲ ಮೇಲೂ ಆಳುಗಳು, ನೋಡುವವರು. ಮೈಕು ಕೆಳಗೆ ಹೋಗಿ ಮೊದಲ ಜಾಕಿಯ ಹಿಡಿ ಹಿಡಿದು ಕ್ಯಾಮೆರಾ ಕಡೆ ತಿರುಗಿದರು. ನಾನು ಹೂಗುಚ್ಛ ಕೊಡುವವಳ ಹಾಗೆ ನಗುತ್ತ ಹತ್ತಿರ ಹೋದೆ.

"ಸಾರ್, ಮೊದಲನೇ ಸರಣಿಯ ನೀರು ಬಿಸಿ ಇತ್ತು. ಹಳೇ ತೊಟ್ಟಿಯ ಹೀಟರ್ ಕೆಟ್ಟಿದೆ. ಇವತ್ತು ಒಡೆದ ಕ್ಯೂಬೂ ಅಲ್ಲೇ ಬೆಂದಿದ್ದು. ನಿಮ್ಮ ತಲೆ ಮೇಲಿರೋದು ಮಾತ್ರ ಹಸಿ." ಸುತ್ತಿಗೆಯ ಅಂಕಿ ತೋರಿಸಿದೆ.

ಹಿಡಿಯ ಮೇಲಿನ ಕೈ ಸಡಿಲವಾಯಿತು. "ಈಗ ಹೇಳ್ತಿದೀಯಾ?" ಜೀವನದಲ್ಲಿ ಮೊದಲ ಸಲ ಪಿಸುಮಾತು.

"ನಿಮ್ಮ ಪ್ರಯೋಗ ಅಲ್ವಾ ಸಾರ್? ನೀರು ಮುಟ್ಟಿ ನೋಡಿರ್ತೀರಿ ಅಂದ್ಕೊಂಡೆ."

ಮೇಲೆ ನೋಡಿದರು. ಕ್ಯಾಮೆರಾ ನೋಡಿದರು. ಮತ್ತೆ ಮೇಲೆ ನೋಡಿದರು. ಆಮೇಲೆ ಹೊರಗೆ ಓಡಿದರು, ನಿಜವಾಗಿ ಓಡಿದರು, ಕೈಯೆತ್ತಿಕೊಂಡು. "ನಿಲ್ಲಿಸಿ! ಯಾರೂ ಮುಟ್ಟಬೇಡಿ!"

"ಯಾಕೆ?" ಎಂದರು ಮೇಡಂ.

"ಮಾವ, ನಮ್ಮ ಡೇಟಾ ಸರಿಯಾಗೇ ಇದೆಯಲ್ಲ?" ಎಂದ ಅಳಿಯ.

ಸಿಕ್ಕಿಹಾಕಿಕೊಂಡರು. ಸುತ್ತ ನೋಡಿದರು, ಯಾರ ಮೇಲೆ ಎತ್ತಿಹಾಕಲಿ ಎಂದು. ನಾನು ಕಂಡೆ. "ನಮ್ಮದೆಲ್ಲಯ್ಯಾ? ಎಲ್ಲ ಇವಳದ್ದು! ಮಿಶ್ರಣ ಕಂಡುಹಿಡಿದಿದ್ದು ಇವಳು, ಕ್ಯೂಬು ತುಂಬಿದ್ದು ಇವಳು, ಒಡೆದಿದ್ದು ಇವಳು! ನಾನು ಒಂದು ಕ್ಯೂಬನ್ನೂ ಮುಟ್ಟಿಲ್ಲ!"

ಆಹಾ! ಆ ಗಂಟಲು ನನಗಾಗಿ ತೆರೆದದ್ದು ಇದೇ ಮೊದಲು.

"ಇನ್ನೊಂದ್ಸಲ ಹೇಳಿ ಸಾರ್. ಮೇಲಿರೋರಿಗೆ ಕೇಳಿಸಿಲ್ಲ."

ಕೋಪದಲ್ಲಿ ಕಣ್ಣು ಕಾಣದೆ ಇನ್ನೊಮ್ಮೆ ಹೇಳಿದರು! ಇನ್ನೂ ಜೋರಾಗಿ!

ಮೇಡಂ ನನ್ನ ಕಡೆ ತಿರುಗಿದರು. "ನಿಜವೇನಮ್ಮಾ?"

"ಹೌದು ಮೇಡಂ. ಎಲ್ಲ ನನ್ನದೇ. ತಪ್ಪೂ ನನ್ನದೇ."

"ಹಾಗಾದ್ರೆ ಪ್ರಬಂಧದ ಮೇಲೆ ಇವರಿಬ್ಬರ ಹೆಸರು ಯಾಕಿದೆ?"

ಮೈಕಿನ ಮುಖ ನೋಡಿದೆ, ಕಣ್ತುಂಬ. ವಿಚಾರಣೆಯಂತೆ, ಬರುವ ಸೋಮವಾರ.

ಡಿಸೆಂಬರ್ 17

ಭಾವ ಮಾತು ಬಿಟ್ಟಿದ್ದಾರೆ. ನಿನ್ನೆ ಮನೆಗೆ ಬಂದವರು ಬೂಟು ಬಿಚ್ಚುತ್ತ ಒಂದೇ ಮಾತು ಕೇಳಿದರು: "ಗುರುವಾರವೇ ಗೊತ್ತಿತ್ತಾ ನಿಂಗೆ?" ಹೂಂ ಎಂದೆ. "ನನ್ನ ಹುಡುಗರು ದಿನಾ ಅದರ ಕೆಳಗೇ ಕೂತು ಊಟ ಮಾಡ್ತಿದ್ರು," ಎಂದು ಒಳಗೆ ಹೋದರು.

ಜಾಕಿ ಇತ್ತಲ್ಲ, ಬೀಳುತ್ತಿರಲಿಲ್ಲ ಎಂದೆ ಅಕ್ಕನಿಗೆ. "ಅದನ್ನ ಅವರಿಗೆ ಹೇಳು," ಎಂದಳು.

ಆದರೂ… ಇನ್ನೊಮ್ಮೆ ಆ ದಿನ ಬಂದರೆ ಹಾಗೇ ಮಾಡುತ್ತೇನೇನೋ. ಗೊತ್ತಿಲ್ಲ.

ಡಿಸೆಂಬರ್ 20, ಸಂಜೆ

ಮೈಕಿನ ಫೋನು. ಸ್ಪೀಕರಿನಲ್ಲಿಟ್ಟು ಮೇಜಿನ ಮೇಲೆ ಬಿಟ್ಟಿದ್ದೇನೆ. ಅವರು ಮಾತಾಡುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ.

"ಹಳೇದೆಲ್ಲ ಬಿಡಮ್ಮಾ. ಸೋಮವಾರ ಇಬ್ಬರೂ ಒಂದೇ ಮಾತು ಹೇಳೋಣ. ಪ್ರಬಂಧಕ್ಕೆ ತಿದ್ದುಪಡಿ ಕಳಿಸೋಣ. ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಆಯ್ತಾ?"

ಭಾವ ಕೆಲಸದಿಂದ ಬಂದು ಬಾಗಿಲಲ್ಲೇ ನಿಂತರು. ಧ್ವನಿ ಯಾರದೆಂದು ತಿಳಿಯಿತು.

ಕೇಳಿದೆ: "ಅಳಿಯಂದಿರ ಹೆಸರು ಎಲ್ಲಿ ಬರುತ್ತೆ ಸಾರ್?"

ಆ ಕಡೆ ಯಾರೋ ಉಸಿರೆಳೆದರು. ಮೈಕಿನದ್ದಲ್ಲ, ಪಕ್ಕದಲ್ಲಿ ಇನ್ಯಾರದೋ.

"ಅದು… ತೆಗೆದುಬಿಡೋಣ. ಅವನು ಏನು ಮಾಡಿದ್ದಾನೆ, ಸೊನ್ನೆ."

ಕುರ್ಚಿ ಸರಿದ ಸದ್ದು. "ಏನಂದ್ರಿ ಮಾವ?" — ಅಳಿಯನ ಧ್ವನಿ. ಅಲ್ಲೇ ಇದ್ದಾನೆ ಪುಣ್ಯಾತ್ಮ! "ನನ್ನ ಹೆಸರು ಹಾಕು ಅಂತ ನಾನು ಕೇಳಿದ್ನಾ? ನೀವೇ ಅಲ್ವಾ ಮದುವೆ ಮಾತುಕತೆಯಲ್ಲಿ, ಹೆಸರು ಬರೋ ಹಾಗೆ ಮಾಡ್ತೀನಿ ಅಂತ —"

ಭಾವ ಒಳಗೆ ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡರು. ನಾಲ್ಕು ದಿನದ ಮೇಲೆ ಮೊದಲ ಮಾತು: "ಕಟ್ ಮಾಡ್ಬೇಡ."

ಅಲ್ಲಿ ಏನೋ ಬಿತ್ತು. ಈಗ ಅಳಿಯ ಫೋನು ಕಸಿದುಕೊಂಡಿದ್ದಾನೆ, ಸೋಮವಾರ ತಾನೇ ಎಲ್ಲ ಹೇಳುತ್ತಾನಂತೆ, ಹಿಂದಿನ ಪ್ರಬಂಧಗಳದ್ದೂ — ತಡಿ, ಹಿಂದಿನವೂ ಅಂದನೇ? ಭಾವ ಸ್ಪೀಕರಿನ ಸದ್ದು ಏರಿಸುತ್ತಿದ್ದಾರೆ, ಅಕ್ಕನೂ ಸೌಟು ಹಿಡಿದೇ ಬಂದಳು, ನಾನು ಪೆನ್ನು ಕೆಳಗಿಡುತ್ತೇನೆ, ಇದನ್ನು ಕೇಳಲೇಬೇಕು.