ಒಳಗೆ ಹೋಗುವ ಗಾಳಿ

ಅಕ್ಟೋಬರ್ 6, ಸೋಮವಾರ

...‘ಹಂಗೇ ಇರ್ಲಿ ಬುಡು ಭಾಯ್’ ಅಂದಿದ್ದ ಲಕ್ಷ್ಮೀಕಾಂತ. ಯಾವುದಕ್ಕೆ ಅಂದದ್ದು, ನೆನಪಾಗುತ್ತಿಲ್ಲ. ಆಯುಧಪೂಜೆಯ ದಿನ, ಇಲ್ಲೇ ಗ್ಯಾರೇಜಿನಲ್ಲಿ. ಅದಕ್ಕೂ ಮೊದಲು ಏನೋ ಹೇಳಲು ಹೊರಟು ನಿಲ್ಲಿಸಿದ ಹಾಗಿತ್ತು. ಬೆಳಗಿನಿಂದ ತಲೆಯಲ್ಲಿ ಇದೊಂದೇ. ಕೈ ತನ್ನ ಪಾಡಿಗೆ ಬೋಲ್ಟ್ ಬಿಚ್ಚುತ್ತಿದೆ.

ರೇಸಿಗೆಂದು ನಾವು ಟ್ಯೂನ್ ಮಾಡಿಕೊಟ್ಟ ಶಾಂತಲಾ ಅವರ ಕಾರು. ಎಂಜಿನ್ನಿನ ಮೇಲ್ಮುಚ್ಚಳ, ಹೆಡ್, ಇಳಿಸಿದೆ. ಮೂರನೆಯ ಪಿಸ್ಟನ್ನಿನ ಅಂಚು ಒಡೆದಿದೆ. ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದಿರುವ ಗುರುತು. ಟರ್ಬೊ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ, ಬೂಸ್ಟ್, ಒಂದೂವರೆ ಬಾರ್ — ಕಂಪನಿ ಕೊಟ್ಟದ್ದಕ್ಕಿಂತ ಬಹಳ ಮೇಲೆ. ಆದರೆ ನಾವು ಇಷ್ಟಕ್ಕೆ ಕೂರಿಸಿದ್ದು ಇದೇ ಮೊದಲಲ್ಲ.

ಪೂಜೆಯ ಸಂಜೆ ಶಾಂತಲಾ ಇಲ್ಲಿಂದ ಯಡಿಯೂರಿನ ದೇವಸ್ಥಾನಕ್ಕೆ ಹೊರಟಿದ್ದರು. ಕುಣಿಗಲ್ ದಾಟಿ, ಯಡಿಯೂರಿನ ಹತ್ತಿರ, ಓವರ್‌ಟೇಕ್ ಮಾಡುವಾಗ ಎಂಜಿನ್ ಸತ್ತಿತು. ಹಿಂದೆ ಲಾರಿ. ಅದರ ಡ್ರೈವರ್ ಸ್ಟೇರಿಂಗ್ ಎಳೆದುಕೊಳ್ಳದಿದ್ದರೆ...

ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಕಿಡಿ ಯಾವಾಗ — ಇದನ್ನೆಲ್ಲ ಎಂಜಿನ್ನಿಗೆ ಹೇಳುವ ಮ್ಯಾಪ್ ಬರೆಯುವವನು ಲಕ್ಷ್ಮೀಕಾಂತ. ನಾನು ಕಬ್ಬಿಣದ ಕೆಲಸದವನು. ಗ್ಯಾರೇಜು ಇಬ್ಬರದೂ. ಕಾರನ್ನು ಎಳೆದು ತಂದ ದಿನ ಅವನು ಅದರ ಸುತ್ತ ಒಮ್ಮೆ ನಡೆದ. ಬಂಪರಿನ ಮುಂದೆ ನಿಂತ. ‘ಮ್ಯಾಪ್ ನಂದು, ತಪ್ಪೂ ನಂದೇ’ ಎಂದ. ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಗುಬ್ಬಿಯ ಮನೆಗೆ ಹೋದವನು ಬಂದಿಲ್ಲ. ಫೋನೂ ಎತ್ತುತ್ತಿಲ್ಲ.

ಅವನ ಮ್ಯಾಪ್ ನನಗೆ ಗೊತ್ತು. ಕಾರಣ ಕಾಣದೆ ಈ ಎಂಜಿನ್ ಮುಚ್ಚುವುದಿಲ್ಲ.

ಅಕ್ಟೋಬರ್ 9, ಗುರುವಾರ

ಪೆಟ್ರೋಲಲ್ಲ. ಟ್ಯಾಂಕಿನಲ್ಲಿ ಉಳಿದದ್ದನ್ನು ತೆಗೆದು ನೋಡಿದೆ. ಹೋಸ್ ಎಲ್ಲೂ ಸೀಳಿಲ್ಲ. ಹೆಚ್ಚಾದ ಒತ್ತಡವನ್ನು ಹೊರಬಿಡುವ ವೇಸ್ಟ್‌ಗೇಟ್ ಸರಿಯಾಗಿ ತೆರೆಯುತ್ತಿದೆ.

ಅವತ್ತಿನ ಓಟವನ್ನು ಕಾರೇ ದಾಖಲಿಸಿಟ್ಟ ಲಾಗನ್ನು ಲ್ಯಾಪ್‌ಟಾಪಿಗೆ ಇಳಿಸಿ ನೋಡಿದೆ. ಬೂಸ್ಟ್ ನಾವು ಹಾಕಿದ್ದಕ್ಕಿಂತ ಮೇಲೆ ಹೋಗೇ ಇಲ್ಲ. ಏರಿದ್ದು ಬೇರೆ. ಎಂಜಿನ್ನಿಗೆ ಹೋಗುವ ಗಾಳಿಯ ಶಾಖ. ಊರು ದಾಟಿದಾಗಿನಿಂದ ಏರುತ್ತಲೇ ಹೋಗಿದೆ, ಮ್ಯಾಪಿನಲ್ಲಿ ನಾವು ಯೋಚಿಸಿಟ್ಟ ಮಿತಿಯನ್ನೂ ದಾಟಿ. ಅವತ್ತು ಸಂಜೆ ಮೋಡ, ತಂಪು ಗಾಳಿ. ಒಳಹೋಗುವ ಗಾಳಿ ಬಿಸಿಯಾಗುವುದು ಹೇಗೆ?

ಜಗಳವಾಡಿದ್ದರೆ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತು, ನೀವಿಬ್ಬರೂ ಆಡಲೇ ಇಲ್ಲವಲ್ಲ — ಎಂದಳು ಶರೀಫುನ್ನೀಸಾ. ಉರ್ದುವಿನಲ್ಲಿ ಅಂದದ್ದು. ನನ್ನ ಹೆಂಡತಿಯ ಮಾತನ್ನು ಕನ್ನಡದಲ್ಲಿ ಬರೆದರೆ ಮೊನಚು ಹೋಗುತ್ತದೆ.

ಅಕ್ಟೋಬರ್ 12, ಭಾನುವಾರ

ಗುಬ್ಬಿ. ಲಕ್ಷ್ಮೀಕಾಂತ ಬೆಟ್ಟಯ್ಯನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಸಿಕ್ಕ. ಕ್ಲಚ್ ಪ್ಲೇಟ್ ಬಿಚ್ಚುತ್ತ ಕೂತಿದ್ದ.

‘ಏನ್ ಭಾಯ್, ದಾರಿ ತಪ್ಪಿ ಬಂದ್ಯಾ?’

‘ಕಾರಣ ಸಿಕ್ಕಿಲ್ಲ ಕಣೋ. ಬಾ.’

‘ಸಿಕ್ಕೈತಲ್ಲ. ನಾನೇ.’

‘ಲಾಗ್ ನೋಡ್ದೆ. ಬೂಸ್ಟ್ ಏರಿಲ್ಲ. ಗಾಳಿ ಕಾದೈತೆ.’

ಸ್ಪ್ಯಾನರ್ ನಿಂತಿತು. ತಲೆ ಎತ್ತಲಿಲ್ಲ. ‘ಅದ್ನ ಕೆದಕಬ್ಯಾಡ ಭಾಯ್. ಹೊಸ ಪಿಸ್ಟನ್ ಹಾಕು, ಬೂಸ್ಟ್ ಇಳ್ಸಿ ಕೊಟ್ಬುಡು. ನಾನಿನ್ನು ಟ್ಯೂನಿಂಗ್ ಮುಟ್ಟಲ್ಲ.’

ಬೆಟ್ಟಯ್ಯ ಆಚೆಯಿಂದ ಕೂಗಿದ: ‘ಕರ್ಕೊಂಡ್ ಹೋಗ್ಬುಡಿ ಸಾಹೇಬ್ರೆ! ಇವ್ನು ನನ್ ಟ್ರ್ಯಾಕ್ಟರ್‌ಗೂ ಟರ್ಬೊ ಕೂರ್ಸಿದ್ರೆ ಹೊಲ ಬುಟ್ಟು ಹೈವೇಲಿ ಉಳಬೇಕಾಯ್ತದೆ!’

ಲಕ್ಷ್ಮೀಕಾಂತ ನಗಲಿಲ್ಲ. ಟೀ ಮಾತ್ರ ತರಿಸಿದ. ನನ್ನದಕ್ಕೆ ಸಕ್ಕರೆ ಬೇಡ ಎಂದು ತಾನೇ ಹೇಳಿದ.

ಕೆದಕಬೇಡ ಎನ್ನುವವನಿಗೆ ಏನೋ ಗೊತ್ತಿದೆ.

ಅಕ್ಟೋಬರ್ 15, ಬುಧವಾರ

ಇಂಟರ್‌ಕೂಲರ್ ಬಿಚ್ಚಿ ತೊಳೆದೆ. ಟರ್ಬೊ ಒತ್ತಿ ಬಿಸಿಮಾಡಿದ ಗಾಳಿಯನ್ನು ತಣಿಸಬೇಕಾದದ್ದು ಬಂಪರಿನ ಹಿಂದಿನ ಈ ಜಾಲರಿ. ಎದುರಿನಿಂದ ಬರುವ ಗಾಳಿ ಇದನ್ನು ತಾಗಬೇಕು, ಅಷ್ಟೇ ಇದರ ಕೆಲಸ.

ನೀರು ಬಿಟ್ಟೆ. ಜಾಲರಿಯ ಸಂದುಗಳಿಂದ ಎಸಳು ಬಂದವು. ಚೆಂಡುಹೂವು. ಒಣಗಿ ಕಂದಾಗಿದ್ದವು. ಬಾಳೆಯ ನಾರೂ ಒಂದೆಳೆ.

ನಲ್ಲಿ ನಿಲ್ಲಿಸಿ ಎಸಳುಗಳನ್ನು ಅಂಗೈಗೆ ಆರಿಸಿಕೊಂಡೆ.

ವರ್ಷವೂ ಪೂಜೆಗೆ ಹೂವು ತರುವವನು ನಾನು. ರಂಜಾನಿಗೆ ಖರ್ಜೂರ ತರುವವನು ಅವನು. ಯಾರೂ ಗೊತ್ತುಮಾಡಿದ್ದಲ್ಲ. ಈ ಸಲ ಶಾಂತಲಾ ಅವರು ಮೊದಲ ಬಾರಿಗೆ ರೇಸಿಗೆ ಇಳಿಯುವವರೆಂದು ಮಾರುಕಟ್ಟೆಯಲ್ಲೇ ದಪ್ಪ ಹಾರ ಆರಿಸಿದ್ದೆ. ಬಂಪರಿಗೆ, ಗಾಳಿ ಒಳಹೋಗುವ ಬಾಯಿಗೇ ಅಡ್ಡವಾಗಿ, ಎರಡು ಸುತ್ತು. ಆ ಕಡೆ ಈ ಕಡೆ ಬಾಳೆಕಂದು. ಕಟ್ಟಿದ್ದು ನಾನೇ.

ಊಹೆ ಸಾಲದು. ತೋರಿಸಬೇಕು.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ಅಂತರಸನಹಳ್ಳಿ ಮಾರುಕಟ್ಟೆ. ಪೂಜೆಗೆ ಹಾರ ಕೊಟ್ಟ ಮರಿಯಮ್ಮನ ಹತ್ತಿರವೇ, ಅದೇ ಅಳತೆಯ ಹಾರ.

‘ಹಬ್ಬ ಮುಗ್ದು ಎಷ್ಟ್ ದಿನ ಆಯ್ತು ಸಾಹೇಬ್ರೆ, ಈಗ್ಯಾವ ಪೂಜೆ?’

‘ಪೂಜೆಯಲ್ಲಮ್ಮ. ಪರೀಕ್ಷೆ.’

‘ಹೂವ್ಗಾ, ಗಾಡೀಗಾ?’

ದುಡ್ಡು ಕೊಟ್ಟು ಹಾರ ಎತ್ತಿಕೊಂಡೆ.

ನಮಾಜ್ ಮುಗಿಸಿಕೊಂಡು ಹೊರಟೆವು. ನನ್ನ ಕಾರು. ಅದಕ್ಕೂ ಅಂಥದ್ದೇ ಇಂಟರ್‌ಕೂಲರ್. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಶಾಂತಲಾ. ಕುಣಿಗಲ್ಲಿನಲ್ಲಿ ಅವರದು ಪೇಂಟ್ ಅಂಗಡಿ. ಇವತ್ತು ಅದಕ್ಕೆ ಬೀಗ ಹಾಕಿ ಬಂದಿದ್ದರು. ಮೊದಲು ಹಾರವಿಲ್ಲದೆ ಯಡಿಯೂರಿನವರೆಗೆ. ಶಾಖ ನಿಂತಲ್ಲೇ ನಿಂತಿತ್ತು. ವಾಪಸ್ ಬಂದು ಹಾರ ಕಟ್ಟಿ ಮತ್ತೆ ಅದೇ ರಸ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಲಿಲ್ಲ. ಆದರೂ ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಶಾಂತಲಾ, ‘ಸಾಕು, ನಿಲ್ಸಿ ಭಾಯ್’ ಎಂದರು. ಪರದೆಯ ಗೆರೆ ಅವತ್ತಿನ ಗೆರೆಯ ದಾರಿಯನ್ನೇ ಹಿಡಿದಿತ್ತು.

ರಸ್ತೆಯ ಬದಿಯಲ್ಲಿ ನಿಂತೆವು. ಪೂಜೆಯ ದಿನ ಊರಿನ ಗಾಡಿಗಳೆಲ್ಲ ಹೂವು ಹೊತ್ತೇ ಓಡಾಡಿದ್ದವು. ಯಾವುದಕ್ಕೂ ಏನೂ ಆಗಲಿಲ್ಲ. ಒಂದೂವರೆ ಬಾರಿನಲ್ಲಿ ಎಂಜಿನ್ ಕೆಡಲು ಗಾಳಿಗೆ ಅಡ್ಡ ಬಂದ ಹೂವೂ ಸಾಕು.

‘ದೇವಸ್ಥಾನ ಮುಟ್ಟೋವರ್ಗೂ ಇರ್ಲಿ ಅಂದ್ಕೊಂಡೆ’ ಎಂದರು ಶಾಂತಲಾ. ‘ದಾರೀಲಿ ಬಿಚ್ಚೋಕೆ ಮನ್ಸು ಬರ್ಲಿಲ್ಲ.’

‘ಕಟ್ಟಿದ್ದು ನಾನು.’

‘ಗೊತ್ತು. ಚೆನ್ನಾಗೇ ಕಟ್ಟಿದ್ರಿ, ಹಿಂದಿನ ಲಾರಿಯವ್ನು ಆಚೀಚೆ ಚಾಚಿದ್ದ ಬಾಳೆಕಂದು ನೋಡೇ ಪಕ್ಕಕ್ಕೆ ಎಳ್ಕೊಂಡ್ನೇನೋ!’ ನಕ್ಕರು. ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ: ‘ಬೂಸ್ಟ್ ಇಳಿಸ್ಬೇಡಿ. ಗಾಳಿ ಕಾದ್ರೆ ಅದು ತಾನಾಗೇ ಇಳೀಬೇಕು, ಹಂಗೆ ಮಾಡ್ಕೊಡಿ. ನಾನು ರೇಸ್ ಬಿಡಲ್ಲ.’

ಮಾಡಬಹುದು. ಮ್ಯಾಪಿನಲ್ಲಿ ಬರೆಯಬೇಕು. ಬರೆಯುವವನು ಟ್ರ್ಯಾಕ್ಟರಿನ ಕ್ಲಚ್ ಬಿಚ್ಚುತ್ತಿದ್ದಾನೆ.

ಅಕ್ಟೋಬರ್ 19, ಭಾನುವಾರ

ನೆನಪಾಯಿತು. ತಲೆಗಲ್ಲ, ಕೈಗೆ. ಶುಕ್ರವಾರ ಬಂಪರಿಗೆ ಗಂಟು ಹಾಕುವಾಗ ಪಕ್ಕದಲ್ಲಿ ಇನ್ನೊಂದು ಕೈ ಇರಬೇಕಿತ್ತು ಎನ್ನಿಸಿತ್ತು. ಎರಡು ದಿನ ಹಿಡಿಯಿತು ಅದು ಯಾರದೆಂದು ತಿಳಿಯಲು.

ಅವತ್ತು ನಾನು ಗಂಟು ಹಾಕಿ ಎದ್ದೆ. ಲಕ್ಷ್ಮೀಕಾಂತ ಹಾರದ ನಡುವೆ ಕೈಯಿಟ್ಟು ಸ್ವಲ್ಪ ಮೇಲಕ್ಕೆತ್ತಿದ. ‘ಭಾಯ್, ಇದು...’ ಎಂದ.

‘ಯಾಕೋ? ನಾನ್ ಕಟ್ಟಿದ್ದು ಸರಿಯಿಲ್ವಾ?’ ಎಂದೆ. ತಮಾಷೆಗೇ ಅಂದದ್ದು. ಮುಖ ಹಾಗಿತ್ತೋ ಇಲ್ಲವೋ.

ಅವನು ನನ್ನನ್ನು ನೋಡಿದ. ‘ಹಂಗೇ ಇರ್ಲಿ ಬುಡು ಭಾಯ್. ಚೆನ್ನಾಗೈತೆ.’ ಕೈ ತೆಗೆದ.

ಕಾರು ಎಳೆದು ತಂದ ದಿನ ಬಂಪರಿನ ಮುಂದೆ ನಿಂತವನಿಗೆ ಎಲ್ಲ ಗೊತ್ತಿತ್ತು. ಮ್ಯಾಪ್ ನಂದು ಎಂದ. ಹೂವು ನಿಂದು ಎನ್ನಲಿಲ್ಲ.

ಹೊಸ ಪಿಸ್ಟನ್‌ಗಳು ಬಂದಿವೆ. ಹೆಡ್ ಮುಚ್ಚುವುದಿಲ್ಲ, ಅವನು ಬರುವವರೆಗೆ. ನಾಳೆ ಲ್ಯಾಪ್‌ಟಾಪ್ ಗುಬ್ಬಿಗೆ ಒಯ್ಯುತ್ತೇನೆ. ಶುಕ್ರವಾರದ ಹಾರವನ್ನೂ. ಬರುವುದಿಲ್ಲ ಎಂದರೆ ಶೆಡ್ಡಿನಲ್ಲೇ ಕೂರುತ್ತೇನೆ. ಕೇಳುವುದು ಒಂದೇ —

ಲಕ್ಷ್ಮೀಕಾಂತ, ಆ ಹಾರ ಬೇರೆ ಯಾರಾದರೂ ಕಟ್ಟಿದ್ದಾಗಿದ್ದರೆ, ಹೀಗೇ ಮಾತು ನುಂಗಿ ಕೈ ತೆಗೆಯುತ್ತಿದ್ದೆಯಾ?