ಹದಿನೆಂಟರಿಂದ ಶುರುವಾಗುವ ನಂಬರು

ಶನಿವಾರ, 14 ಜೂನ್ 2025

ಫೋನ್ ಬಿಲ್ಲಿನ ಬಗ್ಗೆ ಬರೆಯುತ್ತಿರುವ ದೂರಿನ ಪತ್ರದಲ್ಲಿ ಒಂದು ಮಾತನ್ನು ಬರೆಯದೆಯೇ ಬಿಡುವವಳಿದ್ದೆ. ಗ್ರೈಂಡರ್ ಕಂಪನಿಯ ಜಾಹೀರಾತಿನಲ್ಲಿದ್ದ 1860 ನಂಬರು ಉಚಿತವೆಂದು ಅಮ್ಮನಿಗೆ ಹೇಳಿದವಳು ನಾನೇ. "ಹದಿನೆಂಟರಿಂದ ಶುರುವಾದ್ರೆ ಫ್ರೀ ಅಮ್ಮ, ಎಷ್ಟೊತ್ತಾದ್ರೂ ಮಾತಾಡು" ಎಂದಿದ್ದೆ. ಉಚಿತವಾದದ್ದು 1800 ಮಾತ್ರವಂತೆ. ಜಾಹೀರಾತಿನಲ್ಲಿ 'ಉಚಿತ ಸಹಾಯವಾಣಿ' ಎಂದು ದಪ್ಪಗೆ ಹಾಕಿ, ಕರೆಗೆ ದರವುಂಟೆಂಬ ಸಾಲನ್ನು ಅಡಿಯಲ್ಲಿ ಸಣ್ಣ ಇಂಗ್ಲಿಷಿನಲ್ಲಿ ಹಾಕಿದ್ದರು. ಮನೆಯಲ್ಲಿ ಇಂಗ್ಲಿಷ್ ಓದಿದವಳು ನಾನು. ಆ ಸಾಲನ್ನು ಓದಲಿಲ್ಲ.

ನಾನು ಚಿಕ್ಕವಳಿದ್ದಾಗ ಒಂಟಿಕೊಪ್ಪಲಿನ ಮನೆಯಲ್ಲಿ ನಮ್ಮದು ಐದಂಕಿಯ ನಂಬರು. ಬೇರೆ ಊರಿನಲ್ಲಿದ್ದ ಚಿಕ್ಕಮ್ಮನಿಗೆ ಟ್ರಂಕ್ ಕಾಲ್ ಸಿಕ್ಕರೆ ಅಮ್ಮ ಗಡಿಯಾರ ನೋಡುತ್ತಾ ನಿಂತೇ ಮಾತಾಡುತ್ತಿದ್ದಳು. ಮೂರು ನಿಮಿಷ ದಾಟಿ ದುಡ್ಡು ಹೆಚ್ಚಾಗುವ ಮೊದಲೇ, ಅರ್ಧ ಮಾತಿನಲ್ಲಾದರೂ ಸರಿ, ಇಟ್ಟುಬಿಡುತ್ತಿದ್ದಳು. ಅಂಥವಳು ಹೋದ ತಿಂಗಳು ಕುರ್ಚಿ ಎಳೆದುಕೊಂಡು ಕೂತು, ಸಹಾಯವಾಣಿಯ ಹುಡುಗಿಯನ್ನು "ಯಾವೂರಮ್ಮ ನಿಂದು? ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದಳು. ಗ್ರೈಂಡರ್ ಸರಿಹೋದ ಮೇಲೂ ಫೋನ್ ಮಾಡಿದಳು. ಅವಳ ನಗು ಅಡುಗೆಮನೆಯವರೆಗೂ ಕೇಳುತ್ತಿತ್ತು.

ಆ ಕರೆಗಳಿಗೆಲ್ಲ ದೊಡ್ಡ ಬಿಲ್ಲು ಬಂದ ಮೇಲೆ ಇವತ್ತು ಚಿಕ್ಕಮ್ಮನೇ ಫೋನ್ ಮಾಡಿದರೂ ಅಮ್ಮ ಎರಡು ಮಾತಿಗೆ ಮುಗಿಸಿದಳು. "ಬುಡು ಕಣಮ್ಮ, ವಯಸ್ಸಾಯ್ತು, ನಂಗೇ ಬುದ್ಧಿ ಮಂಕಾಗಿದೆ" ಎಂದು ಆಮೇಲೆ ನನಗೆ ಹೇಳಿದಳು. ತಪ್ಪು ನನ್ನದೆಂದು ಹೇಳದೆ ನಾನು ಪತ್ರ ಬರೆಯಲು ಕೂತೆ.

ಪತ್ರದಲ್ಲಿ 'ವಯಸ್ಸಾದ ನನ್ನ ತಾಯಿ ತಪ್ಪು ತಿಳಿದು' ಎಂದಿದ್ದುದನ್ನು ಈಗ ಹೊಡೆದುಹಾಕಿ 'ನಾನು ತಪ್ಪು ತಿಳಿದು, ತಾಯಿಗೂ ಹೇಳಿ' ಎಂದು ಬರೆದೆ. ನಾಳೆ ಮೊದಲು ಅಮ್ಮನಿಗೇ ಓದಿ ಹೇಳಬೇಕು. ಪೋಸ್ಟ್ ಮಾಡುವುದು ಸೋಮವಾರ, 16 ಜೂನ್.