ತಾನು ಸತ್ತದ್ದು ಗೊತ್ತಿಲ್ಲದ ಆಟಗಾರ

ಮನೆ, ಮಹಡಿಯ ಕೋಣೆ, ನಿನ್ನದೇ ಮೇಜು
ಮಾರ್ಚ್ ೧೪, ಶನಿವಾರ, ಸಂಜೆ ಐದೂಕಾಲು

ಪ್ರೀತಿಯ ಪುಟ್ಟಾ,

ಇಪ್ಪತ್ತಮೂರು ತುಂಬಿದವನನ್ನು ಹೀಗೆ ಕರೆದರೆ ಕೋಪ ಬರುತ್ತದೆ ಎಂದು ಗೊತ್ತು. ಬರಲಿ. ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ದೊಡ್ಡಮ್ಮ ಹೇಳಿಯಾಗಿದೆ, ಆದ್ದರಿಂದ ಅದಕ್ಕೆ ಸುಳ್ಳು ಉತ್ತರ ಹುಡುಕಬೇಡ. ಆರು ದಿನದಿಂದ ನಿನ್ನ ಫೋನ್ ಆಫ್ ಆಗಿದೆ. ದೊಡ್ಡಮ್ಮನ ಫೋನಿಗೆ ಮಾಡಿದರೆ ಬಾಗಿಲು ಹಾಕಿಕೊಳ್ಳುತ್ತೀಯಂತೆ. ಪುಣ್ಯಕ್ಕೆ ದೊಡ್ಡಪ್ಪ ಇವತ್ತು ಯಾವುದೋ ಕೆಲಸಕ್ಕೆ ಇಲ್ಲಿಗೆ ಬಂದವರು ಆರೂವರೆ ಬಸ್ಸಿಗೆ ವಾಪಸು ಹೊರಡುತ್ತಾರೆ. ಅವರ ಚೀಲದಲ್ಲಿ ಈ ಕಾಗದ ಹಾಕುವುದಕ್ಕೆ ನನಗೆ ಸಿಕ್ಕಿರುವುದು ಒಂದು ಗಂಟೆ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವಿಗೆ ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಇವತ್ತು ಮಧ್ಯಾಹ್ನವೆಲ್ಲ ಅವಳು ನಿಂತದ್ದು ಮೆಟ್ಟಿಲ ಮೇಲೆಯೇ. ಯಾಕೆ ಎಂದು ಹೇಳುತ್ತೇನೆ, ಇರು.

ಹೋದ ಭಾನುವಾರದ ಫೈನಲ್ಲನ್ನು ನಾನು ನನ್ನ ಬಾಡಿಗೆ ರೂಮಿನಲ್ಲಿ ಕೂತು ನೋಡಿದೆ. ಆ ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯಲ್ಲೇ ಅದರ ತಪ್ಪು ಹುಡುಕಿ ಸಂಬಳ ಎಣಿಸುವವಳು ನಾನು, ತಮ್ಮ ಅದೇ ಆಟದ ಫೈನಲ್ಲಿನಲ್ಲಿ. ಪಕ್ಕದ ರೂಮಿನವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕೆಂಪು ನೀರಿನ ಟ್ಯಾಂಕಿನ ಹಿಂದೆ ನಿನಗೆ ಗುಂಡು ಬಿತ್ತು, ನೀನು ಬಿದ್ದೆ. ಸತ್ತವನು ಐದು ಸೆಕೆಂಡ್ ಕಾದು ತನ್ನ ಗುಂಪಿನ ಠಾಣೆಯಲ್ಲಿ ಮತ್ತೆ ಹುಟ್ಟಬೇಕು, ಅದು ಆಟದ ನಿಯಮ. ನೀನು ಬಿದ್ದಲ್ಲೇ, ಬಿದ್ದ ಮರುಕ್ಷಣವೇ ಎದ್ದು ನಿಂತೆ. ಎದುರಿನವರು ಹೊಡೆದ ಗುಂಡು ನಿನಗೆ ತಾಗಲೇ ಇಲ್ಲ. ಅವರ ಮೂವರನ್ನು ಬೆನ್ನ ಹಿಂದಿನಿಂದ ಮುಗಿಸಿದೆ. ಇನ್ನೊಂದು ಸುತ್ತಿನಲ್ಲೂ ಹಾಗೆಯೇ ಆಯಿತು. ಸಾವಿರಾರು ಜನ ನೋಡುತ್ತಿದ್ದ ಪರದೆಯ ಮೇಲೆ ನನ್ನ ತಮ್ಮನ ಹೆಸರಿನ ಪಕ್ಕ ‘ಕಳ್ಳ, ಕಳ್ಳ’ ಎಂದು ಸಾಲುಸಾಲಾಗಿ ಬೀಳುತ್ತಿದ್ದಾಗ ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಂಡೆ. ಫೆಬ್ರವರಿಯಲ್ಲಿ ನೀನು ಫೋನ್ ಮಾಡಿದ್ದು ಆಗಲೇ ನೆನಪಾಯಿತು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಪಂದ್ಯದವರು ನಿನ್ನನ್ನು ಜೀವನಪೂರ್ತಿ ಹೊರಗಿಟ್ಟಿದ್ದು, ನಿನ್ನ ಜೊತೆ ಆಡಿದ ನಾಲ್ವರು ನಿನ್ನ ನಂಬರನ್ನೇ ಅಳಿಸಿದ್ದು, ಅಪ್ಪ ಆ ಮಾತು ಆಡಿದ್ದು, ನೀನು ದೊಡ್ಡಮ್ಮನ ಮನೆಗೆ ಹೊರಟುಹೋದದ್ದು, ಎಲ್ಲ ಅಮ್ಮ ಹೇಳಿದಳು. “ಕಳ್ಳಾಟ ಆಡಿ ಗೆಲ್ಲೋ ಮಗ ನನ್ನ ಮನೇಲಿ ಬೇಡ.” ಅಪ್ಪ ಗೇಟು ಮಾಡಿಸಲು ಬಂದವರಿಗೆಲ್ಲ “ನನ್ನ ಮಗ ಫೈನಲ್‌ನಲ್ಲಿ ಇದಾನೆ” ಎಂದು ಒಂದು ತಿಂಗಳಿಂದ ಡಂಗುರ ಸಾರಿದ್ದರಂತೆ. ಸಾರಿದವರಿಗೆ ತಲೆ ಎತ್ತುವುದು ಕಷ್ಟವಾಯಿತು. ಹಾಗೆಂದು ಆ ಮಾತು ಸರಿ ಎಂದು ನಾನು ಹೇಳುವುದಿಲ್ಲ, ಅವರಿಗೂ ಮುಖಕ್ಕೆ ಹೇಳಿದ್ದೇನೆ. ಪಂದ್ಯದವರಿಗೆ ಮನವಿ ಸಲ್ಲಿಸಲು ಇವತ್ತು ಸಂಜೆ ಐದು ಗಂಟೆಯೇ ಕೊನೆಯಾಗಿತ್ತು. ಬಾಯಿಮಾತು ನಡೆಯುವುದಿಲ್ಲ, ಅದೇ ದೋಷ ಇನ್ನೊಮ್ಮೆ ಆಗುವುದನ್ನು ಎರಡೂ ಕಡೆಯ ಪರದೆಯಲ್ಲಿ ಸೆರೆಹಿಡಿದು ಕಳಿಸಬೇಕು. ರಜೆ ಹಾಕಿ ನಿನ್ನೆ ಬೆಳಿಗ್ಗೆ ಇಲ್ಲಿಗೆ ಬಂದೆ. ನಿನ್ನ ಕಂಪ್ಯೂಟರಿನಲ್ಲಿ, ನಿನ್ನ ಕುರ್ಚಿಯಲ್ಲಿ ಕೂತು ಸಂಜೆವರೆಗೆ ಆಡಿದೆ. ನಮ್ಮ ಆಫೀಸಿನ ಕನ್ನಡಕದವನು ಅಲ್ಲಿಂದ ಎದುರಾಳಿಯಾಗಿ ಕೂತು ನನ್ನನ್ನು ನೂರಾರು ಸಲ ಕೊಂದ. ಪ್ರತಿಸಲವೂ ನಾನು ನೆಟ್ಟಗೆ ಠಾಣೆಯಲ್ಲೇ ಹುಟ್ಟಿದೆ. ಅಷ್ಟು ವಿಧೇಯಳಾಗಿ ನಾನು ಜನ್ಮದಲ್ಲಿ ಎಂದೂ ಇದ್ದವಳಲ್ಲ.

ಇವತ್ತು ಮಧ್ಯಾಹ್ನ ಒಂದೂವರೆಗೆ ಅಪ್ಪ ಊಟ ಮುಗಿಸಿ ಕೆಳಗೆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಶುರು ಮಾಡಿದರು. ಝರ್ರ್ ಎಂದು ಸದ್ದಾದದ್ದೇ ತಡ, ನಿನ್ನ ಮೇಜಿನ ಮೇಲಿನ ಮೋಡೆಮ್ಮಿನ ದೀಪ ಒಮ್ಮೆ ಕಣ್ಣು ಮಿಟುಕಿಸಿತು, ಪರದೆಯಲ್ಲಿ ಆಟ ಅರೆಕ್ಷಣ ಕಲ್ಲಾಗಿ ನಿಂತು ಮುಂದಕ್ಕೆ ಹಾರಿತು. ಮತ್ತೆ ಝರ್ರ್, ಮತ್ತೆ ಮಿಟುಕು. ಮೋಡೆಮ್ಮಿನ ಕರೆಂಟ್ ವೈರು ಹಿಡಿದುಕೊಂಡು ಕಿಟಕಿಯಾಚೆ ಬಗ್ಗಿ ನೋಡಿದರೆ ಅದು ಹೋಗಿ ಸೇರಿದ್ದು ವೆಲ್ಡಿಂಗ್ ಮೆಷಿನ್ನಿನ ಬೋರ್ಡಿಗೆ. ನೆನಪಿದೆಯಾ, ಮೂರು ವರ್ಷದ ಹಿಂದೆ “ಮಗನ ಆಟಕ್ಕೆ ಗಟ್ಟಿ ಲೈನೇ ಇರ್ಲಿ” ಎಂದು ಅಪ್ಪ ಏಣಿ ಹತ್ತಿ ತಾವೇ ಎಳೆದ ವೈರು ಅದು. ಹೋದ ಭಾನುವಾರ ನೀನು ಇಲ್ಲಿ ಕೂತು ಆಡುತ್ತಿದ್ದಾಗ ಅವರು ಕೆಳಗೆ ಅರ್ಜೆಂಟ್ ಗೇಟೊಂದರ ಕೆಲಸದಲ್ಲಿದ್ದರು ಎಂದು ಅಮ್ಮ ಹೇಳಿದಳು. ನನಗೆ ಎಲ್ಲ ಅರ್ಥವಾಗಿಹೋಯಿತು. ಗುಂಡು ಬೀಳುವುದಕ್ಕೂ ಅಪ್ಪನ ವೆಲ್ಡಿಂಗ್ ಕಡ್ಡಿ ಕಬ್ಬಿಣ ಮುಟ್ಟುವುದಕ್ಕೂ ಕೂಡಿ ಬಂದರೆ ಮಾತ್ರ ಆಗುವ ದೋಷ ಅದು.

ಓಡಿಹೋಗಿ ಸಹಾಯ ಕೇಳಿದರೆ ಅಪ್ಪ ಮುಖವಾಡ ಎತ್ತಲೂ ಇಲ್ಲ. “ಕಳ್ಳನ ವಕಾಲತ್ತಿಗೆ ನಾನು ಬರಲ್ಲ” ಅಂದರು. ಅಮ್ಮ ಜಗಳ ಮಾಡಲಿಲ್ಲ, ಅವಳ ದಾರಿಯೇ ಬೇರೆ. “ನೀವು ಯಾರಿಗೂ ಬರ್ಬೇಡಿ. ಗೇಟು ಮುಗಿಸ್ಬೇಕಲ್ಲ, ಮುಗಿಸಿ. ನಾನು ತಟ್ಟೆ ಬಡಿದಾಗ ಕಡ್ಡಿ ಮುಟ್ಟಿಸಿದ್ರೆ ನಿಮ್ಮ ಗಂಟೇನೂ ಹೋಗಲ್ಲ” ಎಂದು ಸ್ಟೀಲ್ ತಟ್ಟೆ, ಸೌಟು ಹಿಡಿದು ನಡುಮೆಟ್ಟಿಲಲ್ಲಿ ನಿಂತಳು. ನಾನು ಮೇಲಿನಿಂದ ಕೂಗಬೇಕು, ಅವಳು ಬಡಿಯಬೇಕು, ಅಪ್ಪ ಮುಟ್ಟಿಸಬೇಕು, ಕನ್ನಡಕದವನು ಅದೇ ಕ್ಷಣಕ್ಕೆ ನನ್ನನ್ನು ಕೊಲ್ಲಬೇಕು. ಒಮ್ಮೆ ಅಮ್ಮ ತಡ, ಒಮ್ಮೆ ಅವನು ಅವಸರ, ಒಮ್ಮೆ ಕಡ್ಡಿ ಕಬ್ಬಿಣಕ್ಕೆ ಅಂಟಿಕೊಂಡಿತು. ಮೂರು ಗಂಟೆಯಾಯಿತು, ಮೂರೂಮುಕ್ಕಾಲಾಯಿತು. ನಲವತ್ತು ಸಲ ಆದ ಮೇಲೆ ಎಣಿಸುವುದನ್ನು ಬಿಟ್ಟೆ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ನಾಲ್ಕೂವರೆಗೆ ಕನ್ನಡಕದವನು ಮೆಲ್ಲಗೆ “ಇದು ಆಗೋ ಥರ ಕಾಣ್ತಿಲ್ಲ” ಅಂದ. ನನಗೆ ಅಳು ಬಂತು, ಅವನ ಮೇಲೆ ರೇಗಿದೆ. ಕೆಳಗೆ ಹೋಗಿ ಅಪ್ಪನಿಗೆ ಇನ್ನು ಸಾಕು ಎಂದು ಹೇಳೋಣ ಎಂದುಕೊಂಡು ಕಿಟಕಿಯಿಂದ ಇಣುಕಿದರೆ, ಗೇಟು ಯಾವಾಗಲೋ ಮುಗಿದು ಗೋಡೆಗೆ ಒರಗಿತ್ತು. ಅಪ್ಪ ಗುಜರಿಯ ಎರಡು ತುಂಡು ಕಬ್ಬಿಣ ಮುಂದಿಟ್ಟುಕೊಂಡು, ಕಡ್ಡಿ ಹಿಡಿದು, ತಟ್ಟೆಯ ಸದ್ದಿಗೆ ಕಾದು ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ವಾಪಸು ಬಂದು ಕೂತು ಮತ್ತೆ ಕೂಗಿದೆ.

ನಾಲ್ಕು ಮೂವತ್ತೆಂಟಕ್ಕೆ ಆಯಿತು, ಪುಟ್ಟಾ. ಕೂಗಿದೆ, ತಟ್ಟೆ ಸದ್ದಾಯಿತು, ದೀಪ ಮಿಟುಕಿತು. ಅರೆಕ್ಷಣ ನಿಂತು ಹಾರಿದ್ದು ಬಿಟ್ಟರೆ ನನ್ನ ಪರದೆಯಲ್ಲಿ ಏನೂ ಆಗಲೇ ಇಲ್ಲ, ನಾನು ಟ್ಯಾಂಕಿನ ಹಿಂದೆ ನಡೆಯುತ್ತಲೇ ಇದ್ದೆ. ಆದರೆ ಕನ್ನಡಕದವನು ಫೋನಿನಲ್ಲಿ ಕಿರುಚಿಕೊಂಡ, “ನೀನು ಬಿದ್ದೆ! ಬಿದ್ದಲ್ಲೇ ಎದ್ದೆ! ಗುಂಡು ತಾಗ್ತಿಲ್ಲ!” ಎರಡೂ ಪರದೆ ಸೆರೆಯಾಗಿತ್ತು. ಅಪ್ಪನನ್ನು ಮೇಲಕ್ಕೆ ಕರೆದು ತೋರಿಸಿದೆ. ಸತ್ತೆ ಎಂಬ ಸುದ್ದಿ ಲೈನು ತಪ್ಪಿದ್ದರಿಂದ ನಿನ್ನ ಕಂಪ್ಯೂಟರಿಗೆ ತಲುಪಲೇ ಇಲ್ಲ. ಆಟ ನಡೆಸುವ ಕಂಪನಿಯ ಕಂಪ್ಯೂಟರಿನ ಲೆಕ್ಕದಲ್ಲಿ ನೀನು ಸತ್ತು ಮತ್ತೆ ಹುಟ್ಟಿದವನು. ಹೊಸದಾಗಿ ಹುಟ್ಟಿದವನಿಗೆ ಮೂರು ಸೆಕೆಂಡ್ ಗುಂಡು ತಾಗದ ರಕ್ಷೆ ಇರುತ್ತದೆ, ಅದೂ ಸಿಕ್ಕಿತು. ಇಲ್ಲಿಯ ಲೆಕ್ಕದಲ್ಲಿ ನೀನು ಸತ್ತೇ ಇಲ್ಲ, ಹಾಗಾಗಿ ಐದು ಸೆಕೆಂಡ್ ಕಾಯಲಿಲ್ಲ, ನಿಂತ ಜಾಗವನ್ನೂ ಬಿಡಲಿಲ್ಲ. ಅಪ್ಪ ಎರಡು ಸಲ ನೋಡಿದರು. “ಅಂದ್ರೆ ಅವನಿಗೆ ತಾನು ಸತ್ತಿದ್ದೇ ಗೊತ್ತಿರ್ಲಿಲ್ಲ” ಅಂದರು. ಮೋಡೆಮ್ಮಿನ ವೈರು ಕೈಯಲ್ಲಿ ಹಿಡಿದು ನೋಡಿ, “ಆ ವೈರು ನಾನೇ ಎಳೆದಿದ್ದು” ಅಂದರು. ನಾಲ್ಕು ಐವತ್ಮೂರಕ್ಕೆ ಮನವಿ ಕಳಿಸಿದೆ. ತಲುಪಿದೆ ಎಂದು ಉತ್ತರವೂ ಬಂತು. ತೀರ್ಪು ಇನ್ನೂ ಬರಬೇಕು, ಆದರೆ ಆ ಎರಡು ಪರದೆ ನೋಡಿದ ಮೇಲೆ ನಿನ್ನನ್ನು ಕಳ್ಳ ಎನ್ನಲು ಯಾರಿಗೂ ಬಾಯಿ ಬರಲಾರದು.

ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಬರುವಾಗ ದೊಡ್ಡಮ್ಮನ ಮನೆಯಲ್ಲಿ ಸ್ವೆಟರ್ ಮರೆಯಬೇಡ ಎಂದಿದ್ದಾಳೆ. ಬರುವಾಗ ಎಂದೇ ಹೇಳಿದಳು. ನಿಮ್ಮ ಪರವಾಗಿ ಏನು ಬರೆಯಲಿ ಎಂದು ಅಪ್ಪನನ್ನು ಕೇಳಿದೆ. “ಏನ್ ಬರೀತೀಯ, ಬಾ ಅಂತ ಬರಿ” ಎಂದು ಏಣಿ ತರಲು ಹೋದರು. ಈಗ ಕಿಟಕಿಯಾಚೆ ನಿಂತು ಮೋಡೆಮ್ಮಿಗೆ ಬೇರೆ ಲೈನು ಎಳೆಯುತ್ತಿದ್ದಾರೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಅಕ್ಕ

ಮರೆತದ್ದು (ಮರೆತಿರಲಿಲ್ಲ, ಧೈರ್ಯ ಸಾಲಲಿಲ್ಲ): ದೊಡ್ಡಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಫೆಬ್ರವರಿ ಹನ್ನೊಂದಕ್ಕೆ ನೀನು ಫೋನ್ ಮಾಡಿ, “ಅಕ್ಕಾ, ನಾನು ಸಾಯದೆ ಇದ್ರೂ ಸತ್ತಿದ್ದೀನಿ ಅಂತ ಲೆಕ್ಕ ತೋರಿಸ್ತಿದೆ, ಸ್ವಲ್ಪ ನೋಡು” ಅಂದೆ. ಮೇಲಿನವರಿಗೆ ಕಳಿಸಿದ್ದೇನೆ ಎಂದು ನಾನು ಹೇಳಿದೆ. ಕಳಿಸಿರಲಿಲ್ಲ. ದೂರು ಬರೆದುಕೊಂಡು, ಲೈನು ಎಂದೂ ಮಿಟುಕದ ಆಫೀಸಿನಲ್ಲಿ ಎರಡೇ ಸಲ ಆಡಿ ನೋಡಿ, ‘ದೋಷ ಕಂಡುಬಂದಿಲ್ಲ’ ಎಂದು ಮುಚ್ಚಿ ಊಟಕ್ಕೆ ಎದ್ದೆ. ತಮ್ಮ ಸೋತಿದ್ದಕ್ಕೆ ನೆಪ ಹೇಳುತ್ತಿದ್ದಾನೆ ಅಂದುಕೊಂಡೆ. ಭಾನುವಾರ ರಾತ್ರಿಯೇ ಇದನ್ನು ಹೇಳಬಹುದಿತ್ತು, ಕೆಲಸ ಹೋಗುತ್ತದೆಂದು ಹೆದರಿ ನಾಲ್ಕು ದಿನ ಸುಮ್ಮನಿದ್ದೆ. ಆ ನಾಲ್ಕು ದಿನ ನಿನ್ನನ್ನು ಕಳ್ಳನಾಗಿ ಇಟ್ಟವಳು ನಾನು, ಅಪ್ಪನಲ್ಲ. ಮನವಿಯಲ್ಲಿ ಈ ದೋಷ ಮೊದಲು ತಿಳಿಸಿದವರು ಯಾರು ಎಂಬಲ್ಲಿ ನಿನ್ನ ಹೆಸರು ಬರೆದಿದ್ದೇನೆ, ಮುಚ್ಚಿದವರು ಯಾರು ಎಂಬಲ್ಲಿ ನನ್ನದು. ಅದು ತಿಳಿದ ನಮ್ಮ ಮೇಲಿನವರು ಸೋಮವಾರ ಹತ್ತು ಗಂಟೆಗೆ ಆಫೀಸಿನಲ್ಲಿ ಬಂದು ಕಾಣಲು ಹೇಳಿದ್ದಾರೆ. ಅಷ್ಟರೊಳಗೆ, ಬೈಯುವುದಕ್ಕಾದರೂ ಸರಿ, ಒಮ್ಮೆ ಫೋನ್ ಆನ್ ಮಾಡು.